ಒಂದೇ ರಾತ್ರಿ ಆರು ಫ್ಯಾಂಟಮ್‌ಗಳು, ವಾದ್ಯವೃಂದ ಮಾತ್ರ ಇಲ್ಲ

'ದ ಫ್ಯಾಂಟಮ್ ಆಫ್ ದಿ ಒಪೆರಾ'ವನ್ನು ಮುರಿದು ಕಟ್ಟಬಾರದಿತ್ತು ಎಂದು ಕೊರಗುವವರ ಸಾಲಿನಲ್ಲಿ ನಾನಿಲ್ಲ. ಮುರಿದದ್ದು ಸರಿಯಾಗಿಯೇ ಇದೆ. ನನ್ನ ತಕರಾರು ಇರುವುದು ಕಟ್ಟುವಾಗ ಹೊರಗೆ ಬಿಟ್ಟದ್ದರ ಬಗ್ಗೆ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅವರ ಈ ಸಂಗೀತ ನಾಟಕ ಲಂಡನ್ನಿನಲ್ಲಿ ಶುರುವಾದದ್ದು 1986ರಲ್ಲಿ. ಪ್ಯಾರಿಸ್ಸಿನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಂದಿರವೊಂದರ ನೆಲಮಾಳಿಗೆಯಲ್ಲಿ ಮುಖವಾಡ ತೊಟ್ಟು ಅಡಗಿರುವ 'ಫ್ಯಾಂಟಮ್' ಎಂಬ 'ಭೂತ' ಕ್ರಿಸ್ಟೀನ್ ಎಂಬ ಗಾಯಕಿಯನ್ನು ಮೋಹಿಸುವ ಕಥೆ ಇದು. ನ್ಯೂಯಾರ್ಕಿನ ಮೆಜೆಸ್ಟಿಕ್ ರಂಗಮಂದಿರದಲ್ಲಿ 1988ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ 13,981 ಪ್ರದರ್ಶನ ಕಂಡಿತು. ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ವಲಯದಲ್ಲಿ, ಇಷ್ಟು ದೀರ್ಘಕಾಲ ನಡೆದ ಪ್ರಯೋಗ ಬೇರೊಂದಿಲ್ಲ. ಕೊನೆಗೆ ಸೋತದ್ದು ಲೆಕ್ಕಪತ್ರದ ಮುಂದೆ. ವಾರವೊಂದಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ಖರ್ಚು, ಕೋವಿಡ್ ನಂತರ ಕುಸಿದ ಗಳಿಕೆ. ಪರದೆ ಬಿತ್ತು. ಎರಡೇ ವರ್ಷದಲ್ಲಿ, 2025ರ ಬೇಸಿಗೆಯಲ್ಲಿ, ಅದೇ ಊರಿನ 57ನೇ ಬೀದಿಯ ಹಳೆಯ ಕಟ್ಟಡವೊಂದರಲ್ಲಿ ಅದು 'ಮಾಸ್ಕರೇಡ್' ಎಂಬ ಹೆಸರಿನಲ್ಲಿ ಮತ್ತೆ ಎದ್ದಿತು. ನಿರ್ದೇಶನ ಡಯಾನ್ ಪೌಲಸ್ ಅವರದು. (1897ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಘ ತನಗಾಗಿ ಕಟ್ಟಿಸಿಕೊಂಡ ಮನೆ ಅದು. ಅದರೊಳಗೆ ಮುಂದೊಂದು ದಿನ ಭೂತ ಹಾಡುತ್ತದೆಂದು ಆ ಎಂಜಿನಿಯರುಗಳು ಎಣಿಸಿರಲಾರರು.)

ಇಲ್ಲಿ ಆಸನ ಹಿಡಿದು ಕೂರುವ ಹಾಗಿಲ್ಲ. ಕಪ್ಪು, ಬಿಳಿ ಅಥವಾ ಬೆಳ್ಳಿ ಬಣ್ಣದ ಉಡುಪು ತೊಟ್ಟು, ಮುಖವಾಡ ಹಾಕಿಕೊಂಡು ಬರಬೇಕು. ಸುಮಾರು ಅರವತ್ತು ಜನರ ಒಂದೊಂದು ತಂಡ ಹದಿನೈದು ನಿಮಿಷಕ್ಕೊಂದರಂತೆ ಒಳಗೆ ಹೋಗುತ್ತದೆ. ಒಂದು ರಾತ್ರಿಗೆ ಆರು ತಂಡ. ಹಾಗಾಗಿ ಆರು ಫ್ಯಾಂಟಮ್‌ಗಳು, ಆರು ಕ್ರಿಸ್ಟೀನ್‌ಗಳು. ಕೋಣೆಯಿಂದ ಕೋಣೆಗೆ, ಮಹಡಿಯಿಂದ ಮಹಡಿಗೆ, ಕಡೆಗೆ ಫ್ಯಾಂಟಮ್‌ನ ನೆಲಮಾಳಿಗೆಗೆ ಪ್ರೇಕ್ಷಕರು ಕಥೆಯ ಜೊತೆಗೇ ನಡೆಯುತ್ತಾರೆ.

ಇದನ್ನು ನಾಟಕಕ್ಕೆ ಬಗೆದ ದ್ರೋಹ ಎನ್ನುವವರು ಮೂಲ ಪ್ರಯೋಗವನ್ನು ಮರೆತಿದ್ದಾರೆ ಎಂದೇ ನನ್ನ ಅನಿಸಿಕೆ. ಹೆರಾಲ್ಡ್ ಪ್ರಿನ್ಸ್ ನಿರ್ದೇಶಿಸಿದ ಆ ನಾಟಕದಲ್ಲಿ ಪ್ರೇಕ್ಷಕರು ಎಂದೂ ಬರೀ ಪ್ರೇಕ್ಷಕರಾಗಿರಲಿಲ್ಲ. ಕಥೆ ನಡೆಯುವುದು ಒಂದು ಒಪೆರಾ ಮಂದಿರದಲ್ಲಿ. ಟಿಕೆಟ್ ಕೊಂಡು ಮೆಜೆಸ್ಟಿಕ್‌ನಲ್ಲಿ ಕುಳಿತವರೇ ಆ ಒಪೆರಾದ ಸಭಿಕರು. ಮೊದಲ ದೃಶ್ಯದ ಹರಾಜಿನಲ್ಲಿ ಮುಸುಕು ಸರಿಸಿಕೊಂಡು ಎದ್ದ ತೂಗುದೀಪ ಹೋಗಿ ನಿಲ್ಲುತ್ತಿದ್ದುದು ನಮ್ಮ ತಲೆಯ ಮೇಲೆಯೇ, ಮೊದಲ ಅಂಕದ ಕೊನೆಗೆ ಕುಸಿದು ಬರುತ್ತಿದ್ದುದೂ ಅಲ್ಲಿಂದಲೇ. ಗ್ಯಾಸ್ಟನ್ ಲರೂ ಈ ನಾಟಕಕ್ಕೆ ಮೂಲವಾದ ಕಾದಂಬರಿ ಬರೆದಾಗಲೂ ಪ್ಯಾರಿಸ್ಸಿನ ನಿಜವಾದ ಒಪೆರಾ ಕಟ್ಟಡ ಅವರ ಕಣ್ಣ ಮುಂದಿತ್ತು. 1896ರಲ್ಲಿ ಅಲ್ಲಿ ತೂಗುದೀಪದ ಸಮಭಾರದ ತೂಕವೊಂದು ಕಳಚಿ ಬಿದ್ದು ಮಹಿಳೆಯೊಬ್ಬರು ಸತ್ತಿದ್ದರು. ತಳಪಾಯ ಅಗೆಯುವಾಗ ಉಕ್ಕಿದ ಅಂತರ್ಜಲವನ್ನು ತಡೆಯಲು ಕಟ್ಟಿದ ನೀರಿನ ತೊಟ್ಟಿ ಆ ಕಟ್ಟಡದ ಅಡಿಯಲ್ಲಿ ಇಂದಿಗೂ ಇದೆ. ಕಥೆಯಲ್ಲಿ ಅದು ಸರೋವರವಾಯಿತು. ಕಟ್ಟಡದಿಂದಲೇ ಹುಟ್ಟಿದ ಕಥೆಯನ್ನು ಕಟ್ಟಡದ ತುಂಬ ಹರಡಿದರೆ ತಪ್ಪೇನು?

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಮೂಲ ಪ್ರಯೋಗದ ಮುಖವಾಡ ನೃತ್ಯದ ದೃಶ್ಯದಲ್ಲಿ, ಮರಿಯಾ ಬ್ಯೋರ್ನ್‌ಸನ್ ರೂಪಿಸಿದ ಆ ದೊಡ್ಡ ಮೆಟ್ಟಿಲ ಮೇಲೆ ಕಿಕ್ಕಿರಿದು ನಿಂತವರಲ್ಲಿ ಎಷ್ಟೋ ಮಂದಿ ಮನುಷ್ಯರಲ್ಲ, ಉಡುಪು ತೊಡಿಸಿದ ಬೊಂಬೆಗಳು. ಹೊಸ ಪ್ರಯೋಗದಲ್ಲಿ ಬೊಂಬೆಗಳ ಆ ಕೆಲಸಕ್ಕೆ ನಮ್ಮನ್ನೇ ನೇಮಿಸಿಕೊಂಡಿದ್ದಾರೆ, ಅದೂ ನಮ್ಮಿಂದಲೇ ಹಣ ಪಡೆದು. ತಮಾಷೆ ಬಿಟ್ಟು ಹೇಳುವುದಾದರೆ, ಈ ನಾಟಕಕ್ಕೆ ಇದಕ್ಕಿಂತ ಹೊಂದುವ ಉಪಾಯ ನನಗೆ ತೋಚದು. ಮುಖ ಮುಚ್ಚಿಕೊಂಡವನ ಕಥೆಯನ್ನು ಮುಖ ಮುಚ್ಚಿಕೊಂಡವರು ನೋಡುತ್ತಾರೆ.

ತೊಂದರೆ ಶುರುವಾಗುವುದು ಸಂಗೀತದಲ್ಲಿ.

ಪ್ರೇಕ್ಷಕರನ್ನು ಒಳಗೊಳ್ಳುವ ರಂಗಪ್ರಯೋಗ ಎಂದೊಡನೆ ಎಲ್ಲರೂ ನೆನೆಯುವುದು 'ಸ್ಲೀಪ್ ನೋ ಮೋರ್' ಅನ್ನು. ನ್ಯೂಯಾರ್ಕಿನಲ್ಲಿ 2011ರಿಂದ 2025ರ ಆರಂಭದವರೆಗೆ ನಡೆದ ಆ ಪ್ರಯೋಗದಲ್ಲಿ ಬಿಳಿ ಮುಖವಾಡ ಹಾಕಿಕೊಂಡ ಪ್ರೇಕ್ಷಕರು ಮನಬಂದತ್ತ ಅಲೆಯಬಹುದಿತ್ತು. ಒಬ್ಬ ನಟನ ಬೆನ್ನು ಹತ್ತಿ ಹೋಗಬಹುದು, ಇಡೀ ಒಂದು ಕೊಲೆಯನ್ನೇ ತಪ್ಪಿಸಿಕೊಳ್ಳಬಹುದು. ಅಲ್ಲಿ ಮಾತು ವಿರಳವಾದ್ದರಿಂದ ಅದು ನಡೆಯುತ್ತಿತ್ತು. ಸಂಗೀತ ನಾಟಕ ಹಾಗಲ್ಲ. ಹಾಡಿಗೆ ಮೊದಲು, ನಡು, ಕೊನೆ ಎಂಬುದಿದೆ. ಮೊದಲ ಅಂಕದಲ್ಲಿ ಪ್ರೇಮಿಗಳು ಹಾಡಿದ ಧಾಟಿ ಕೊನೆಯ ದೃಶ್ಯದಲ್ಲಿ ಮರಳಿ ಬಂದಾಗ ಎದೆ ಹಿಂಡಬೇಕಾದರೆ ಅದನ್ನು ಮೊದಲೇ ಕೇಳಿಸಿಕೊಂಡಿರಲೇಬೇಕು. ಆದ್ದರಿಂದ 'ಮಾಸ್ಕರೇಡ್' ಪ್ರೇಕ್ಷಕರನ್ನು ಅಲೆಯಲು ಬಿಡದೆ ಕೈಹಿಡಿದು ನಡೆಸುತ್ತದೆ. ಈ ಶಿಸ್ತನ್ನು ನಾನು ಒಪ್ಪುತ್ತೇನೆ.

ಆದರೆ ಒಂದೇ ಕಟ್ಟಡದಲ್ಲಿ ಆರು ಪ್ರದರ್ಶನಗಳು ಹಿಂದುಮುಂದಾಗಿ ನಡೆಯುವಾಗ ಆರು ವಾದ್ಯವೃಂದಗಳನ್ನು ಸಾಕುವವರು ಯಾರು? ಮೆಜೆಸ್ಟಿಕ್‌ನಲ್ಲಿ 27 ವಾದಕರಿದ್ದರು, ಬ್ರಾಡ್‌ವೇಯಲ್ಲೇ ಅತಿ ದೊಡ್ಡ ಮೇಳ. ಇಲ್ಲಿ ಹೆಚ್ಚಿನ ಸಂಗೀತ ಮೊದಲೇ ಧ್ವನಿಮುದ್ರಿತವಾದದ್ದು. ದುಡ್ಡಿನ ದೃಷ್ಟಿಯಿಂದ ಇದು ಅರ್ಥವಾಗುತ್ತದೆ, ಕಿವಿಗೆ ಒಪ್ಪಿಗೆಯಾಗುವುದಿಲ್ಲ. ವೇದಿಕೆಯ ಮುಂದಿನ ಹಳ್ಳದಲ್ಲಿ ನಿಂತ ಸಂಗೀತ ನಿರ್ವಾಹಕನ ಕಣ್ಣು ಇರುವುದು ಗಾಯಕಿಯ ಮೇಲೆ. ಆಕೆ ಉಸಿರೆಳೆದುಕೊಳ್ಳಲು ಅರೆಕ್ಷಣ ಹೆಚ್ಚು ತೆಗೆದುಕೊಂಡರೆ ಇಪ್ಪತ್ತೇಳು ಜನ ಕಾಯುತ್ತಾರೆ. ಧ್ವನಿಮುದ್ರಿಕೆಯ ಜೊತೆ ಹಾಡುವಾಗ ಆ ಸಲುಗೆ ಸಿಗುವುದಿಲ್ಲ, ಆಕೆಯೇ ಅದರ ಹಿಂದೆ ಓಡಬೇಕು. ಪ್ರೇಕ್ಷಕ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದಿದ್ದಾನೆ, ಅವಳ ಕಣ್ಣೀರು ಕಾಣುತ್ತಿದೆ. ಆದರೆ ಇಂದು ರಾತ್ರಿ ಅವಳಿಗೆ ಅನ್ನಿಸಿದಂತೆ ಒಂದು ಸ್ವರವನ್ನು ಎಳೆಯುವ ಸ್ವಾತಂತ್ರ್ಯ ಅವಳಿಗಿಲ್ಲ. ಸಾಮೀಪ್ಯವನ್ನೇ ಮಾರುವ ಪ್ರಯೋಗದಲ್ಲಿ ಇದು ಸಣ್ಣ ಕೊರತೆಯಲ್ಲ.

ಈ ಜಗಳ ಹೊಸದೂ ಅಲ್ಲ. 2023ರಲ್ಲಿ ಬ್ರಾಡ್‌ವೇ ರಂಗಮಂದಿರವೊಂದರ ನೆಲವನ್ನೇ ನೃತ್ಯದ ಅಂಗಳ ಮಾಡಿದ 'ಹಿಯರ್ ಲೈಸ್ ಲವ್' ಎಂಬ ಸಂಗೀತ ನಾಟಕ ಧ್ವನಿಮುದ್ರಿತ ಸಂಗೀತಕ್ಕೇ ಹೊರಟಿತ್ತು. ವಾದಕರ ಸಂಘ ಪಟ್ಟು ಹಿಡಿಯಿತು, ಕೊನೆಗೆ ಹನ್ನೆರಡು ಮಂದಿ ವಾದಕರು ಸೇರಿಕೊಂಡರು. ಅದೇ ವರ್ಷ ಲಂಡನ್ನಿನ ಬ್ರಿಜ್ ಥಿಯೇಟರ್‌ನಲ್ಲಿ ನಿಕೋಲಸ್ ಹೈಟ್ನರ್ 'ಗೈಸ್ ಅಂಡ್ ಡಾಲ್ಸ್' ಮಾಡಿದಾಗ ಪ್ರೇಕ್ಷಕರಲ್ಲಿ ಹಲವರು ನಡುವೆ ನಿಂತಿದ್ದರು, ಅವರ ಸುತ್ತ ವೇದಿಕೆಗಳು ನೆಲದಿಂದ ಏಳುತ್ತ ಇಳಿಯುತ್ತ ಇದ್ದವು, ವಾದ್ಯವೃಂದವೂ ಅಲ್ಲೇ ನುಡಿಸುತ್ತಿತ್ತು. ಅಲ್ಲಿ ಸಾಧ್ಯವಾದದ್ದು ಒಂದು ರಾತ್ರಿಗೆ ಒಂದೇ ಗುಂಪು ಎಂಬ ಕಾರಣಕ್ಕೆ, ನಿಜ.

ಇಷ್ಟಾಗಿಯೂ 'ಮಾಸ್ಕರೇಡ್'ಗೆ ಒಂದು ದಾರಿ ಇದೆ ಎಂದು ನನಗೆ ತೋರುತ್ತದೆ. ಅದು ಅವರದೇ ವೇಳಾಪಟ್ಟಿಯಲ್ಲಿ ಅಡಗಿದೆ. ಆರು ತಂಡಗಳೂ ಕೊನೆಗೆ ಬಂದು ಸೇರುವುದು ಅದೇ ನೆಲಮಾಳಿಗೆಗೆ, ಹದಿನೈದು ನಿಮಿಷದ ಅಂತರದಲ್ಲಿ. ನಾಟಕದಲ್ಲಿ ಸ್ವರಕ್ಕಿಂತ ಮೌನ ಮುಖ್ಯವಾಗುವ ಜಾಗವೂ ಅದೇ. ಕ್ರಿಸ್ಟೀನ್ ಫ್ಯಾಂಟಮ್‌ನನ್ನು ಚುಂಬಿಸುವ ಮೊದಲು ಎಷ್ಟು ಹೊತ್ತು ತಡೆಯಬೇಕೆಂಬುದನ್ನು ಯಂತ್ರ ನಿರ್ಧರಿಸಬಾರದು. ಉಳಿದ ಕೋಣೆಗಳಲ್ಲಿ ಧ್ವನಿಮುದ್ರಿಕೆ ಇರಲಿ. ಆ ನೆಲಮಾಳಿಗೆಯಲ್ಲಿ ಮಾತ್ರ ಏಳೆಂಟು ತಂತಿವಾದಕರನ್ನೂ ಒಬ್ಬ ನಿರ್ವಾಹಕನನ್ನೂ ಕೂರಿಸಲಿ. ಒಂದು ಗುಂಪು ಹೊರಟ ಮೇಲೆ ಮತ್ತೊಂದು, ಆರು ಸಲ ಅದೇ ಕೊನೆಯ ದೃಶ್ಯ. ಒಟ್ಟು ಒಂದೂವರೆ ಗಂಟೆಯ ಕೆಲಸ, ಮೆಜೆಸ್ಟಿಕ್‌ನ ಹಳ್ಳದಲ್ಲಿ ವಾದಕರು ಒಂದು ಪ್ರದರ್ಶನಕ್ಕೆ ಕೂರುತ್ತಿದ್ದುದಕ್ಕಿಂತ ಕಡಿಮೆ.