ಹಳೆಯ ನಂಬಿಕೆ ಅಳಿದಿಲ್ಲ

ಕ್ರೈಸ್ತರಾದ ಮೇಲೆ ರಷ್ಯಾದ ಉದ್ಮುರ್ತ್ ಜನಾಂಗದವರ ಹಳೆಯ ಧರ್ಮ ಮುಗಿದೇ ಹೋಯಿತು ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಕಾಮಾ ನದಿಯಾಚೆ, ರಷ್ಯಾದೊಳಗಿನ ಇಂದಿನ ಬಾಷ್ಕೋರ್ತೋಸ್ತಾನ ಗಣರಾಜ್ಯದಲ್ಲಿ ನೆಲೆಸಿದ ಉದ್ಮುರ್ತರಲ್ಲಿ ಅನೇಕರು ಮತಾಂತರಕ್ಕೆ ಒಳಗಾಗದೆ ಉಳಿದಿದ್ದು, ಇಂದಿಗೂ ಊರವರೆಲ್ಲ ಸೇರಿ ದೊಡ್ಡ ಕಡಾಯಿಗಳಲ್ಲಿ ಬಲಿಮಾಂಸ ಮತ್ತು ಧಾನ್ಯದ ಗಂಜಿ ಬೇಯಿಸಿ, ಇನ್ಮಾರ್ ದೇವರನ್ನು ತಮ್ಮದೇ ನುಡಿಯಲ್ಲಿ ಪ್ರಾರ್ಥಿಸುತ್ತಾರೆ. ಈ ನಂಬಿಕೆಗಾಗಿ ಉದ್ಮುರ್ತರು ತೆತ್ತ ಬೆಲೆಯನ್ನೂ ಆ ಲೇಖನ ಬರೆದವರು ಹೇಳಬೇಕಿತ್ತು. 1892ರಲ್ಲಿ ಮುಲ್ತಾನ್ (ಇದು ರಷ್ಯಾದ ವ್ಯಾಟ್ಕಾ ಪ್ರಾಂತದ ಹಳ್ಳಿ, ಪಾಕಿಸ್ತಾನದ ನಗರವಲ್ಲ) ಎಂಬಲ್ಲಿನ ಉದ್ಮುರ್ತ್ ರೈತರ ಮೇಲೆ ನರಬಲಿಯ ಸುಳ್ಳು ಆರೋಪ ಹೊರಿಸಲಾಯಿತು. ಎರಡು ವಿಚಾರಣೆಗಳಲ್ಲಿ ಏಳು ಜನರಿಗೆ ಶಿಕ್ಷೆಯಾಗಿ, ರಷ್ಯನ್ ಸಾಹಿತಿ ಕೊರೊಲೆಂಕೊ ಈ ರೈತರ ಪರ ನಿಂತು ವಾದಿಸಿದ ಮೇಲೆ, 1896ರ ಮೂರನೆಯ ವಿಚಾರಣೆಯಲ್ಲಿ ಅವರೆಲ್ಲ ಖುಲಾಸೆಯಾದರು. ಆದರೆ ನಂಬಿಕೆ ಉಳಿದಿದ್ದರೂ, ರಷ್ಯಾದ ಜನಗಣತಿಯಲ್ಲಿ ತಮ್ಮನ್ನು ಉದ್ಮುರ್ತರೆಂದು ಬರೆಸಿಕೊಂಡವರ ಸಂಖ್ಯೆ 2010ರ ಸುಮಾರು 5.5 ಲಕ್ಷದಿಂದ 2021ರಲ್ಲಿ 3.9 ಲಕ್ಷದಷ್ಟಕ್ಕೆ ಇಳಿದಿರುವುದು ನನ್ನನ್ನು ತೀವ್ರವಾಗಿ ಕಾಡುತ್ತಿದೆ.