ಕೆಂಗಣ್ಣಿನ ಮಾಸ್ತರು

ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿ ಉಂಡು ಬಂದು ಸುಮ್ಮನಿದ್ದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಮುಂದಿನ ಭಾನುವಾರ ಅಣ್ಣ ಫೋನ್ ಮಾಡಿ, "ತೊಗರಿ ರಾಶಿ ಇದೆ, ಬಂದು ನಿಂತುಕೋ ಸಾಕು" ಎಂದ. ಕಲಬುರಗಿಯಲ್ಲಿ ಮಾಸ್ತರಿಕೆ ಮಾಡುವ ತಮ್ಮನಿಂದ ನಿಂತುಕೊಳ್ಳುವುದಕ್ಕಿಂತ ಹೆಚ್ಚಿನ ಕೆಲಸವನ್ನು ಅವನು ಎಂದೂ ಬಯಸಿದವನಲ್ಲ. ನಾನು ಅದನ್ನೂ ಸರಿಯಾಗಿ ಮಾಡಲಿಲ್ಲ. ಯಂತ್ರ ಹೊಟ್ಟು ಉಗುಳುವ ದಿಕ್ಕಿಗೇ ಹೋಗಿ ನಿಂತೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತೆಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುವವನು ನಾನು. ಹೊಟ್ಟಿನ ಪ್ರತಾಪ ಮಾತ್ರ ನನಗೂ ಗೊತ್ತಿರಲಿಲ್ಲ.

ಸೀನು ಶುರುವಾಯಿತು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬ ಲೆಕ್ಕ ನಮ್ಮ ಕಡೆ ಇದೆಯಲ್ಲ, ಅತ್ತಿಗೆ ಬುತ್ತಿ ಬಿಚ್ಚುತ್ತಲೇ ಎಣಿಸುತ್ತಿದ್ದರು. ಹದಿನೇಳಕ್ಕೆ ನಿಂತಿತು. "ಇನ್ನೊಂದು ಸೀನಿಬಿಡಿ, ಜೋಡಿಯಾಗುತ್ತದೆ" ಎಂದರು. ರಾಶಿಯ ದಿನ ಮನೆಗೆ ಅಶುಭ ಯಾಕೆ ಎಂದುಕೊಂಡು, ಮೂಗಿಗೆ ಟವೆಲ್ಲಿನ ತುದಿ ತುರುಕಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹದಿನೆಂಟನೆಯದನ್ನು ಸೀನಿದೆ. ಆಮೇಲೆ ನಡೆದದ್ದಕ್ಕೆಲ್ಲ ಆ ಶುಭದ ಸೀನೇ ಕಾರಣ ಎಂಬ ಗುಮಾನಿ ನನಗೆ ಇಂದಿಗೂ ಇದೆ.

ಮರುದಿನ ಗಡ್ಡ ಬೋಳಿಸಲು ಕನ್ನಡಿ ಹಿಡಿದರೆ ಎಡಗಣ್ಣಿನ ಬಿಳಿಯಲ್ಲಿ ಅರ್ಧ ಭಾಗ ಕೆಂಪು. ಕಣ್ಣು ಕೆಂಪಗಾಗುವುದೆಂದರೆ ನಿದ್ದೆಗೆಟ್ಟವರ ಕೆಂಪಲ್ಲ. ಕುಂಕುಮ ಕಲಸಿ ಬಳಿದಂಥ ಗಟ್ಟಿ ಕೆಂಪು. ಕಿವಿಯ ಕಡೆಯ ಮೂಲೆಯಿಂದ ಹೊರಟು ಕರಿಗುಡ್ಡೆಯ ಅಂಚಿನವರೆಗೆ ಬಂದು, ಅಲ್ಲಿ ಯಾರೋ ಗೆರೆ ಕೊಯ್ದಂತೆ ನಿಂತಿತ್ತು. ನೋವಿಲ್ಲ, ತುರಿಕೆಯಿಲ್ಲ, ನೀರಿಲ್ಲ, ಪೇಪರಿನ ಸಣ್ಣ ಅಕ್ಷರವೂ ಎಂದಿನಂತೆ ಕಾಣುತ್ತಿತ್ತು. ಕನ್ನಡಿ ಕೆಳಗಿಟ್ಟರೆ ನನಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ನನ್ನನ್ನು ನೋಡಿದವರಿಗೆ.

ಮೊದಲು ಅವ್ವನಿಗೆ. "ತಮ್ಮಾ, ಹೊಲದಲ್ಲಿ ಯಾರದೋ ದೃಷ್ಟಿ ತಾಗಿದೆ" ಎಂದವಳೇ ಉಪ್ಪು, ಒಣಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ತಾಗಿರುವುದು ಖರೆ ಎಂದು ಲೆಕ್ಕ. ಘಾಟು ಎಂಥದು ಬಂತೆಂದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು, ನಾನು ಮತ್ತೆ ಆರು ಸೀನಿದೆ.

ಶಾಲೆಯಲ್ಲಿ ಶಿಕ್ಷಕರ ಕೋಣೆ ಎರಡು ಭಾಗವಾಯಿತು: ಒಂದರಲ್ಲಿ ನಾನು, ಇನ್ನೊಂದರಲ್ಲಿ ಉಳಿದ ಹನ್ನೊಂದು ಮಂದಿ. ಮದ್ರಾಸ್ ಕಣ್ಣು ನೋಡಿದರೇ ಹತ್ತುತ್ತದೆ ಎಂದು ವಿಜ್ಞಾನದ ಮಾಸ್ತರು ಗೋಡೆಯ ಕಡೆ ತಿರುಗಿ ನನ್ನೊಂದಿಗೆ ಮಾತಾಡಿದರು. ಅದು ಹರಡುವುದು ಕೈಯಿಂದ, ಟವೆಲ್ಲಿನಿಂದ, ನೋಟದಿಂದ ಅಲ್ಲ. ಅದಿದ್ದರೆ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತಿತ್ತು, ಕಣ್ಣು ಸೋರುತ್ತಿತ್ತು. ಇದನ್ನೆಲ್ಲ ಗೋಡೆ ನೋಡುತ್ತಿದ್ದವರಿಗೆ ಹೇಗೆ ಹೇಳುವುದು? ಎಂಟನೆಯ ತರಗತಿಗೆ ಹೋದರೆ ಮಾತ್ರ ಸ್ವರ್ಗ. ನಾನು ಹಲಗೆ ಮುಟ್ಟುವ ಮೊದಲೇ ಮಕ್ಕಳು ಕೈಕಟ್ಟಿ ಕುಳಿತಿದ್ದರು. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಕಾಣದ ಶಿಸ್ತು ಅದು.

ಸಂಜೆ ಹೆಂಡತಿ ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಯಂತ್ರದ ಮೇಲೆ ಗದ್ದ ಇಡಿಸಿ, ಬೆಳಕು ಬಿಟ್ಟು ನೋಡಿ, ಕೆಮ್ಮಿದಿರಾ, ಸೀನಿದಿರಾ, ಭಾರ ಎತ್ತಿದಿರಾ, ಮಲಬದ್ಧತೆಗೆ ತಿಣುಕಿದಿರಾ, ರಕ್ತ ತೆಳುವಾಗುವ ಗುಳಿಗೆ ನುಂಗುತ್ತೀರಾ ಎಂದು ಕೇಳಿದರು. ಕಣ್ಣಿನ ಬಿಳಿಯ ಮೇಲೆ ಗಾಜಿನಂಥ ತೆಳು ಪೊರೆ ಇರುತ್ತದಂತೆ. ಅದರ ಕೆಳಗೆ ಕೂದಲಿಗಿಂತ ಸಣ್ಣ ರಕ್ತನಾಳ ಒಡೆದು ಒಂದು ಹನಿ ರಕ್ತ ಹರಡಿಕೊಂಡಿದೆ, ಅಷ್ಟೇ. ಮೈಗೆ ಪೆಟ್ಟಾದರೆ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಇಲ್ಲಿ ಪೊರೆಯ ಮೂಲಕ ಗಾಳಿಯ ಆಮ್ಲಜನಕ ಸಿಗುತ್ತಲೇ ಇರುವುದರಿಂದ ತಾಜಾ ಕೆಂಪಾಗಿಯೇ ಉಳಿಯುತ್ತದೆ. ಎರಡು ವಾರದಲ್ಲಿ ತಾನೇ ಹೋಗುತ್ತದೆ, ಉಜ್ಜಬೇಡಿ ಎಂದರು.

"ಔಷಧಿ?" ಎಂದಳು ಹೆಂಡತಿ.

"ಬೇಕಿಲ್ಲ."

ಮುನ್ನೂರು ರೂಪಾಯಿ ಫೀಸು ಕೊಟ್ಟು ಬರಿಗೈಯಲ್ಲಿ ಹೋಗುವುದೆಂದರೆ ಅವಳಿಗೆ ಮದುವೆ ಮನೆಯಿಂದ ಉಣ್ಣದೆ ಬಂದಂತೆ. ಔಷಧಿ ಅಂಗಡಿಯಲ್ಲಿ ಕೇಳಿ ಯಾವುದಾದರೂ ಡ್ರಾಪ್ಸ್ ಹಾಕೋಣವೇ ಎಂದಾಗ ಮಾತ್ರ ಡಾಕ್ಟರು ಗದರಿದರು. ಸ್ಟೀರಾಯ್ಡ್ ಇರುವ ಹನಿಗಳನ್ನು ಮನಸ್ಸಿಗೆ ಬಂದಂತೆ ಹಾಕಿದರೆ ಕಣ್ಣಿನೊಳಗಿನ ಒತ್ತಡವೇ ಏರುತ್ತದಂತೆ. ನೋವಾದರೆ, ಮಂಜಾದರೆ, ಇದು ಮತ್ತೆ ಮತ್ತೆ ಬಂದರೆ ಓಡಿ ಬನ್ನಿ ಎಂದರು. ಆಮೇಲೆ ನನ್ನ ಕೆಂಪನ್ನು ಮರೆತು ಬಿ.ಪಿ. ಪಟ್ಟಿ ಕಟ್ಟಿ, 150/96 ಎಂದು ಬರೆದು, ನಾಳೆ ಮತ್ತೆ ನೋಡಿಸಿ ಎಂದರು. ಮೂಗಿನ ಕಡೆಯ ಬಿಳಿಯಲ್ಲಿ ಸಣ್ಣ ಹಳದಿ ಗುಬುಟನ್ನೂ ತೋರಿಸಿದರು. ಬಿಸಿಲು, ಧೂಳಿನ ಕಾಣಿಕೆ. ಪಿಂಗ್ವೆಕ್ಯುಲಾ ಎಂದು ಹೆಸರು. ಕಾಟವಿಲ್ಲ, ವರ್ಷಗಟ್ಟಲೆಯಿಂದ ಇರಬಹುದು, ಗಾಡಿ ಓಡಿಸುವಾಗ ಕನ್ನಡಕ ಹಾಕಿ. ಕಲಬುರಗಿಯ ಬಿಸಿಲು ಇಷ್ಟು ಸಣ್ಣ ಕಾಣಿಕೆಗೆ ಸುಮ್ಮನಾದದ್ದೇ ನನಗೆ ಆಶ್ಚರ್ಯ. "ಇಷ್ಟು ವರ್ಷ ನನಗೆ ಹೇಳಲೇ ಇಲ್ಲವಲ್ಲ ನೀವು" ಎಂದು ಹೆಂಡತಿ ದಾರಿಯುದ್ದಕ್ಕೂ ಜಗಳವಾಡಿದಳು.

ಚೀಟಿಯಲ್ಲಿ ಡಾಕ್ಟರು ಕಾಯಿಲೆಯ ಹೆಸರು ಬರೆದಿದ್ದೇ ತಪ್ಪಾಯಿತು: ಸಬ್‌ಕಂಜಂಕ್ಟೈವಲ್ ಹೆಮರೇಜ್, ಅಂದರೆ ಆ ಪೊರೆಯ ಕೆಳಗಿನ ರಕ್ತಸ್ರಾವ. ಮೊದಲ ಪದ ಓದಲು ಬರಲಿಲ್ಲವೆಂದು ಹೆಂಡತಿ ಎರಡನೆಯದನ್ನಷ್ಟೇ ಬೀದರಿನ ಅಕ್ಕನಿಗೆ ಫೋನಿನಲ್ಲಿ ಓದಿದಳು. ಬೆಳಿಗ್ಗೆ ಮೊದಲ ಬಸ್ ಹಿಡಿದು ಆ ಅಕ್ಕ, ಷಡ್ಡಕ, ಎರಡು ಕಿಲೋ ಮೋಸಂಬಿ ನಮ್ಮ ಬಾಗಿಲಿಗೆ ಬಂದವು. ನಾನು ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಷಡ್ಡಕನ ಮುಖದಲ್ಲಿ ಕಂಡದ್ದು ಸಮಾಧಾನವೋ ಬಸ್ ಚಾರ್ಜು ದಂಡವಾದ ದುಃಖವೋ, ಖಚಿತವಾಗಿ ಹೇಳಲಾರೆ.

ಹತ್ತನೆಯ ದಿನ ಕೆಂಪು ಅಂಚಿನಿಂದ ಹಳದಿಗೆ ತಿರುಗಿತು. ಗೋಡೆಯ ಕಡೆಯಿಂದ ಈಚೆ ತಿರುಗಿದ್ದ ವಿಜ್ಞಾನದ ಮಾಸ್ತರು "ಕಾಮಾಲೆ!" ಎಂದು ಮತ್ತೆ ಗೋಡೆಗೆ ತಿರುಗಿದರು.

ಒಂದು ಲಾಭವನ್ನು ಮುಚ್ಚಿಡಬಾರದು. ಕೆಂಪು ಜೋರಾಗಿದ್ದ ನಾಲ್ಕನೆಯ ದಿನ ಜಗತ್ ವೃತ್ತದ ಬಳಿ ಪಕ್ಕದ ಓಣಿಯವರೊಬ್ಬರು ಎದುರಾದರು. ಮಗಳ ಮದುವೆಗೆಂದು ಐದು ಸಾವಿರ ಒಯ್ದು ಎರಡು ವರ್ಷವಾಗಿತ್ತು. ನಾನು ಚೆನ್ನಾಗಿದ್ದೀರಾ ಎಂದು ಕೇಳಲು ಅವರ ಮುಖ ನೋಡಿದೆ, ಅಷ್ಟೇ. "ಇಷ್ಟು ಸಿಟ್ಟಾಗಬೇಡಿ ಮಾಸ್ತರೇ, ಸಂಜೆಗೆ ತಂದುಕೊಡುತ್ತೇನೆ" ಎಂದರು. ತಂದೂ ಕೊಟ್ಟರು. ಸಿಟ್ಟಿಲ್ಲ, ಸೀನು ಎಂದು ಹೇಳಬೇಕೆಂದು ಬಾಯಿ ತುದಿಗೆ ಬಂದದ್ದನ್ನು ನೋಟು ಎಣಿಸುತ್ತ ನುಂಗಿಕೊಂಡೆ.

ಹದಿನೈದನೆಯ ದಿನ ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಎಂಟನೆಯ ತರಗತಿ ಸಂತೆಯಾಯಿತು. ಅದೇ ಸಂಜೆ ಅದೇ ವೃತ್ತದಲ್ಲಿ, ಎರಡು ಸಾವಿರ ಬಾಕಿ ಇರುವ ಇನ್ನೊಬ್ಬರು ಸಿಕ್ಕು, ನನ್ನ ಕಣ್ಣನ್ನೇ ನೋಡುತ್ತ, "ಮುಂದಿನ ತಿಂಗಳು ನೋಡೋಣ ಸರ್" ಎಂದು ನಕ್ಕರು. ನನ್ನ ಕೈ ತಾನಾಗಿಯೇ ಎಡಗಣ್ಣು ಉಜ್ಜಲು ಮೇಲೆದ್ದಿತು. ಡಾಕ್ಟರ ಮಾತು ನೆನಪಾಗಿ ಇಳಿಸಿದೆ.