ವಿಂಡೋಸ್ 10 ನಿಂತಿಲ್ಲ, ಲಿನಕ್ಸ್‌ನಲ್ಲಿ ಕನ್ನಡವೂ ಬರುತ್ತದೆ
ನಮ್ಮ ಗಂಗಾವತಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ವಿಂಡೋಸ್ 10 ಕಂಪ್ಯೂಟರ್ ಇನ್ನು ಆನ್ ಆಗಲ್ಲ, ಲಿನಕ್ಸ್ ಹಾಕಿದರೆ ಕನ್ನಡ ಬರಲ್ಲ, ಹೊಸದೇ ತಗೊಳ್ಳಿ." ಎರಡು ಮಾತೂ ಸುಳ್ಳು ರೀ. (ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಆಪರೇಟಿಂಗ್ ಸಿಸ್ಟಂ.)

2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ಮೈಕ್ರೋಸಾಫ್ಟ್‌ನ ಮಾಮೂಲಿ ಸಪೋರ್ಟ್ ಮಾತ್ರ. ಕಂಪ್ಯೂಟರ್ ಆನ್ ಆಗುತ್ತದೆ, ಪ್ರಿಂಟೂ ಕೊಡುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ಅದರಲ್ಲಿ ಬ್ಯಾಂಕಿನ ಕೆಲಸ ಮಾತ್ರ ಬೇಡ.

ಇನ್ನು ಕನ್ನಡದ ವಿಷಯ. ನಮ್ಮ ಜೆರಾಕ್ಸ್ ಅಂಗಡಿಯ 4 ಜಿಬಿ ರ‍್ಯಾಮಿನ ಹಳೇ ಡಬ್ಬಕ್ಕೆ ಲಿನಕ್ಸ್‌ನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆ, ದುಡ್ಡೇನೂ ಕೊಡಬೇಕಿಲ್ಲ. ಬೇರೆ ಬೇರೆ ಭಾಷೆ ಟೈಪ್ ಮಾಡಲು ಅದರಲ್ಲಿರುವ ಐಬಸ್ ಎಂಬ ತಂತ್ರಾಂಶಕ್ಕೆ ಎಂ17ಎನ್ (ಕೀಲಿಮಣೆ ಲೇಔಟ್‌ಗಳ ಕಟ್ಟು) ಸೇರಿಸಿ ಕೆಜಿಪಿ ಎಂಬ ಕನ್ನಡ ಲೇಔಟ್ ಆರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೀಲಿಗಳೇ, ಬೆರಳಿಗೆ ಹೊಸ ಪಾಠ ಬೇಡ. ನಾನು ಪೆಚ್ಚಾಗಿದ್ದು ಹಳೇ ಆಸ್ಕಿ ಫೈಲ್‌ಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ಫಾಂಟ್ ತೊಡಿಸಿದ ಫೈಲ್‌ಗಳು): ಆ ಫಾಂಟ್ ಇಲ್ಲದೆ ತೆರೆದಾಗ ಮದುವೆ ಕಾರ್ಡಿನ "ಶುಭವಿವಾಹ" ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತು, ಗಿರಾಕಿ ಎದುರಿಗೇ ಕೂತಿದ್ದರು! ಇದು ಲಿನಕ್ಸ್ ತಪ್ಪಲ್ಲ, ಫಾಂಟ್ ಇಲ್ಲದಿದ್ದರೆ ವಿಂಡೋಸ್‌ನಲ್ಲೂ ಅದೇ ಗತಿ. ಅಂಥ ಫೈಲ್‌ಗಳನ್ನು ಮೊದಲೇ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಪದ್ಧತಿಗೆ, ಬದಲಿಸಿಕೊಳ್ಳಿ.

ಅನುಮಾನವಿದ್ದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿ, ನಿಮ್ಮ ಪ್ರಿಂಟರ್ ಒಪ್ಪುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.